ಯಾವ ಕರುವಿನ ಹಾಲು?

ನಮ್ಮತ್ತೆ ಜೀವಮಾನದಲ್ಲಿ ಪೂರ್ತಿಯಾಗಿ ನಂಬಿದ್ದು ಹಸುಗಳನ್ನು ಮಾತ್ರ. ಮಾವನವರನ್ನು ಸುಮಾರಾಗಿ ನಂಬುತ್ತಿದ್ದರು. ಡಾಕ್ಟರನ್ನು ಸುತರಾಂ ಇಲ್ಲ. ಹಸುವಿಗಿಂತ ಒಂದೇ ಮೆಟ್ಟಿಲು ಕೆಳಗೆ ನಾನಿದ್ದೆ ಎಂದು ಹೆಮ್ಮೆಯಿಂದ ಹೇಳಬಲ್ಲೆ. ಅಲ್ಲಿಗೆ ಹತ್ತಲು ನನಗೆ ಎರಡು ವರ್ಷ ಹಿಡಿಯಿತು! ಹೋದ ತಿಂಗಳು ಅವರು ತೀರಿಕೊಂಡರು. ಬಂದವರೆಲ್ಲ ಅವರನ್ನು ದೇವತೆ ಎನ್ನುತ್ತಿದ್ದಾರೆ. ಕೇಳಿಸಿದ್ದರೆ ಅವರೇ ಎದ್ದು ಬೈಯುತ್ತಿದ್ದರು. ಆದ್ದರಿಂದ ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ.

ಅರವತ್ತರ ದಶಕದ ಮಾತು. ಕೊಳ್ಳೇಗಾಲದ ಕಡೆಯಿಂದ ತಮಿಳುನಾಡಿನ ಕಂಬಂ ಕಣಿವೆಯ ಗೂಡಲೂರಿಗೆ, ತಲೆತಲಾಂತರದಿಂದ ಅಲ್ಲಿ ನೆಲೆಸಿದ ಕನ್ನಡದವರ ಮನೆಗೆ ಸೊಸೆಯಾಗಿ ಹೋಗಿದ್ದೆ. ಮಗಳು ಹುಟ್ಟಿ ಮೂರು ತಿಂಗಳಿಗೆ ನನಗೆ ವಿಷಮಜ್ವರ ಬಂತು. ಜ್ವರ ಹೋಗುವಾಗ ಎದೆಹಾಲನ್ನೂ ಕರೆದುಕೊಂಡು ಹೋಯಿತು. ಕೂಸು ಇಳಿಯತೊಡಗಿತು. ಎತ್ತಿಕೊಂಡರೆ ಅದಕ್ಕಿಂತ ಸುತ್ತಿದ ಬಟ್ಟೆಯೇ ಭಾರ ಎನ್ನುವಂತಾಯಿತು. ಮನೆಯ ಹಸುವಿನ ಹಾಲು ಕೊಟ್ಟರೆ ಭೇದಿ. ಅತ್ತೆ ಕೊಟ್ಟಿಗೆಗೆ ಹೋಗಿ, "ಕೂಸಿನ ಹೊಟ್ಟೆ ಸರಿಯಿಲ್ಲ, ನೀನು ಮನಸಿಗೆ ಹಾಕ್ಕಬ್ಯಾಡ ತಾಯಿ" ಎಂದು ಹಸುವಿಗೆ ಸಮಾಧಾನ ಹೇಳಿ ಬಂದರು. ನನಗೆ ಹೇಳಲಿಲ್ಲ!

ಕಂಬಂನ ಡಾಕ್ಟರು ಡಬ್ಬದ ಪುಡಿಹಾಲು ಕೊಡಿ ಎಂದರು.

"ನೀನೇನು ಕುಡಿದು ಬೆಳೆದೆ, ತಂಬಿ?" ಎಂದರು ಅತ್ತೆ.

"ತಾಯಿಹಾಲು, ಪಾಟ್ಟಿ."

"ಅದಕ್ಕೇ ಡಾಕ್ಟರಾದೆ. ಡಬ್ಬ ಕುಡಿದಿದ್ರೆ ಕಾಂಪೌಂಡರ್ ಆಗ್ತಿದ್ದೆ."

ಕಾಂಪೌಂಡರ್ ಪಕ್ಕದಲ್ಲೇ ನಿಂತಿದ್ದ, ಪಾಪ.

ಡಬ್ಬ ಬೇಡವೆಂದು ಅತ್ತೆ ನನಗೇ ಹಾಲು ಬರಿಸಲು ಹೊರಟರು. ದಿಂಡಿಗಲ್ಲಿನಿಂದ ಬಸ್ ಕಂಡಕ್ಟರ್ ಕೈಲಿ ಒಣ ಸುರಾಮೀನು, ಅಂದರೆ ಶಾರ್ಕ್, ತರಿಸಿದರು. ಬಾಣಂತಿಗೆ ಹಾಲು ಉಕ್ಕಿಸುತ್ತದೆಂದು ಆ ಕಡೆ ಅದಕ್ಕೆ ಬಹಳ ಹೆಸರು. ನಾಲ್ಕು ದಿನ ತಿಂದೆ. ಹಾಲು ಬರಲಿಲ್ಲ, ಊರಿನ ಬೆಕ್ಕುಗಳೆಲ್ಲ ಬಂದವು! ಮಾವನವರು ಚಾಪೆ ಸುತ್ತಿಕೊಂಡು ತೋಟಕ್ಕೆ ಹೋದರು.

ಐದನೆಯ ದಿನ ಕೂಸಿನ ಅಳು ಸಣ್ಣದಾಯಿತು. ಅತ್ತೆ ಸೀರೆ ಬದಲಿಸಿ ಅಂಗಡಿಗೆ ಹೊರಟರು. ಕೂಸನ್ನೆತ್ತಿಕೊಂಡು ನಾನೂ ಹಿಂದೆ ಹೋದೆ.

ಅವರ ಕುಲದಲ್ಲಿ ದೇವರಿಗೆ ಬಿಟ್ಟ ಹಸುಗಳ ಮಂದೆಯೊಂದಿತ್ತು. ಆ ಹಾಲನ್ನು ಯಾರೂ ಕರೆಯುವಂತಿಲ್ಲ, ಅಷ್ಟೂ ಕರುವಿಗೇ. ಬೇರೆ ಹಸುವಾದರೂ, ಕರು ಸತ್ತಿದ್ದರೆ ಅದರ ಹಾಲನ್ನು ಅತ್ತೆ ಹೊಸಿಲು ದಾಟಿಸುತ್ತಿರಲಿಲ್ಲ. ಡಬ್ಬಕ್ಕೆ ಮಾತ್ರ ಬೇರೆ ನ್ಯಾಯವೇ? ಅಂಗಡಿಯಲ್ಲಿ ಪುಡಿಹಾಲಿನ ಡಬ್ಬ ಕೈಗೆತ್ತಿಕೊಂಡು ಕೇಳಿದರು:

"ಇದು ಯಾವ ಹಸುವಿನ ಹಾಲು?"

"ಇದು ಕಾರ್ಖಾನೆಯದು, ಪಾಟ್ಟಿ," ಎಂದ ಅಂಗಡಿಯವನು.

"ಕಾರ್ಖಾನೆಗೆ ಕೆಚ್ಚಲು ಐತಾ? ಕರು ಉಂಟಾ, ಸತ್ತೋಯ್ತಾ, ಅದನ್ನ ಹೇಳು."

ಅವನು ನನ್ನ ಮುಖ ನೋಡಿದ. ನಾನು ಕೂಸಿನ ಮುಖ ತೋರಿಸಿದೆ. ಬುದ್ಧಿವಂತ, ಅರ್ಥ ಮಾಡಿಕೊಂಡ.

"ಉಂಟು ಪಾಟ್ಟಿ. ನಲ್ಲಾ ಇರುಕ್ಕು."

"ಗಂಡೋ ಹೆಣ್ಣೋ?"

"ಹೆಣ್ಣು."

"ಪೇರು?"

ಅವನು ಅತ್ತಿತ್ತ ನೋಡಿ, ಬೇರೇನೂ ತೋಚದೆ, "ಸೆಲ್ವಿ!" ಎಂದ.

"ಎನ್ನಂಗ?" ಎಂದು ಒಳಗಿನಿಂದ ಅವನ ಹೆಂಡತಿ ಓಗೊಟ್ಟಳು.

ಅತ್ತೆಯ ಕಿವಿ ಬಲು ಚುರುಕು. ಆದರೂ ಅಂದು ಅದು ಕೇಳಿಸಲೇ ಇಲ್ಲ. ಡಬ್ಬ ತೆಗೆದುಕೊಂಡರು.

ಮನೆಗೆ ಬಂದು ಮೊದಲ ಲೋಟ ತಾವೇ ಕುಡಿದು ಜಗಲಿಯಲ್ಲಿ ಕುಳಿತರು. ಒಂದು ಗಂಟೆಯಾಯಿತು.

"ಬದುಕಿದೀನಾ?"

"ಬದುಕಿದ್ದೀರಿ, ಅತ್ತೆ."

"ಬಾಯಿ ಏನಾದ್ರೂ ಕಮ್ಮಿಯಾಯ್ತಾ?"

"ಏನೂ ಇಲ್ಲ."

"ಹಂಗಾದ್ರೆ ಕೊಡು."

ಕೂಸಿಗೆ ಹಾಲು ಕುಡಿಸುವ ಒಳಲೆ ತಂದೆ. ಕೈ ಮುಂದೆ ಹೋಗಲಿಲ್ಲ. ಒಮ್ಮೆ ಇದರ ರುಚಿ ಹತ್ತಿದರೆ ನನ್ನ ಮಡಿಲಿಗೆ ಯಾಕೆ ಬಂದಾಳು? ಅದನ್ನೇ ಅತ್ತೆಗೆ ಹೇಳಿ ಅತ್ತುಬಿಟ್ಟೆ. ಬೈಗುಳ ಬರುತ್ತದೆಂದು ಕಾದೆ. ಅವರು ಎದ್ದು ಬಾಗಿಲು ಹಾಕಿ ಬಂದರು. ಕೂಸನ್ನು ನನ್ನ ಬತ್ತಿದ ಎದೆಗೇ ಹಚ್ಚಿದರು. ಒಳಲೆಯನ್ನು ಬಾಗಿಸಿ, ಎದೆಯ ಮೇಲಿಂದ ಅದರ ತುಟಿಯಂಚಿಗೆ ಒಂದೊಂದೇ ತೊಟ್ಟು ಇಳಿಬಿಟ್ಟರು. ಕೂಸು ಕಣ್ಣು ಮುಚ್ಚಿ ಚೀಪತೊಡಗಿತು.

"ಅಳಬ್ಯಾಡ ಕಣವ್ವ. ನೋಡು, ನಿನ್ನತ್ರಾನೇ ಕುಡೀತಾವ್ಳೆ."

ದಿನಕ್ಕೆ ಆರು ಸಲ, ಏಳು ತಿಂಗಳು, ಹೀಗೇ ಬಾಗಿಲು ಹಾಕಿಕೊಂಡು. ಖಾಲಿ ಡಬ್ಬಗಳನ್ನು ಸೆರಗಿನಲ್ಲಿ ಮುಚ್ಚಿ ಒಯ್ದು ತೋಟದಲ್ಲಿ ಹೂಳುತ್ತಿದ್ದರು. ಅಂಗಡಿಯವನೂ ಬಾಯಿ ಬಿಡಲಿಲ್ಲ. ಏನು ಹೇಳಿ ಹೆದರಿಸಿದ್ದರೋ! ಊರಿಗೆಲ್ಲ ಮಾತ್ರ, "ನನ್ನ ಸೊಸೆಗೆ ಹೊಳೆ ಹರಿದಂಗೆ ಹಾಲು" ಎಂದು ಸಾರಿಕೊಂಡು ಬಂದರು.

ಹೋದ ತಿಂಗಳು ಅವರ ತಲೆಯ ಬಳಿ ಕುಳಿತು ಮಗಳು ಬಂದವರಿಗೆಲ್ಲ ಹೇಳುತ್ತಿದ್ದಳು: "ನಾನು ನಮ್ಮವ್ವನ ಹಾಲೇ ಕುಡಿದು ಬೆಳೆದೋಳು. ಅಜ್ಜಿ ಯಾವಾಗ್ಲೂ ಹೇಳೋದು."

ನಾನು ಹೌದೆಂದು ತಲೆಯಾಡಿಸಿದೆ.

ಮಗಳು ಓದಿದ್ದು ತಮಿಳು ಶಾಲೆಯಲ್ಲಿ. ಮನೆಯಲ್ಲಿ ಕನ್ನಡ ಆಡುತ್ತಾಳೆ, ಅಕ್ಷರ ಬಾರದು. ಆ ಧೈರ್ಯದ ಮೇಲೆ ಇದನ್ನು ಬರೆದಿದ್ದೇನೆ. ಯಾರೂ ಅವಳಿಗೆ ಓದಿ ಹೇಳಬೇಡಿ.