ತಟ್ಟಪ್ಪನ ಹಳದಿ ಪಟ್ಟಿ

ಎಲ್ಲಕ್ಕೂ ಕಾರಣ ತಾರಸಿಯ ಮೇಲೆ ಒಣಗಲು ಹಾಕಿದ್ದ ಒಂದು ದಪ್ಪ ಬಿಳಿ ಅಂಗಿ.

"ಏನ್ರೀ ಇದು, ಆಸ್ಪತ್ರೆಯವರ ಬಟ್ಟೆ ಇದ್ದಂಗಿದೆ?" ಎಂದು ಕೆಳಮನೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಅದರ ತೋಳು ಎಳೆದು ನೋಡಿದರು. ಅಂಗಿಯ ಒಡೆಯರಾದ ಅಂಚೆ ಗುಮಾಸ್ತರು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಐವತ್ತೆಂಟರಲ್ಲಿ ಎದೆಯುಬ್ಬಿಸುವ ಅವಕಾಶ ದಿನಾ ಸಿಗುತ್ತದೆಯೇ?

"ಜೂಡೋ ಕುಸ್ತಿ ಅಂಗಿ. ಇವತ್ತು ಸಂಜೆ ನನಗೆ ಪರೀಕ್ಷೆ, ಗೆದ್ರೆ ಸೊಂಟಕ್ಕೆ ಹಳದಿ ಪಟ್ಟಿ," ಎಂದುಬಿಟ್ಟರು. ಮೇಷ್ಟ್ರಿಗೆ ಅಷ್ಟು ಸಾಕಾಗಿತ್ತು. ಮೆಟ್ಟಿಲಿಳಿಯುವಾಗ ಒಂದು ಬಾಗಿಲನ್ನೂ ಬಿಡದೆ ಬಡಿದು ಸುದ್ದಿ ಹೇಳಿದರು.

ಮೂವತ್ತು ವರ್ಷದಿಂದ ಲಕೋಟೆಗಳ ಮೇಲೆ ಮೊಹರು ಒತ್ತುತ್ತಿದ್ದ ಗುಮಾಸ್ತರು ಜೂಡೋ ಸೇರಿ ಆರು ತಿಂಗಳಾಗಿತ್ತು. ಅಲ್ಲಿ ಹಿಡಿತದಲ್ಲಿ ಸಿಕ್ಕಿಬಿದ್ದವನು ಎದುರಾಳಿಯ ಮೈಯನ್ನು ಎರಡು ಸಲ ತಟ್ಟಿದರೆ ಸೋತೆನೆಂದು ಅರ್ಥ. ಹಿಡಿದವನು ತಕ್ಷಣ ಬಿಡಬೇಕು. "ತಟ್ಟಿದ ಮೇಲೆ ಯೋಚ್ನೆ ಮಾಡ್ಬಾರ್ದು, ಕೈ ತಾನಾಗೇ ಬಿಡ್ಬೇಕು," ಎಂದು ತರಬೇತುದಾರರು ದಿನಕ್ಕೆ ನೂರು ಸಲ ತಟ್ಟಿಸಿ, ನೂರು ಸಲ ಬಿಡಿಸಿ ಅಭ್ಯಾಸ ಮಾಡಿಸುತ್ತಿದ್ದರು. ನಿಜವಾದ ಸೆಣಸಾಟದಲ್ಲಿ ಮಾತ್ರ ತಟ್ಟುವ ಕೆಲಸ ಯಾವಾಗಲೂ ಗುಮಾಸ್ತರದೇ. ಹಾಗಾಗಿ 'ತಟ್ಟಪ್ಪ' ಎಂದೇ ಹೆಸರಾಗಿತ್ತು.

ಮನೆಯಲ್ಲಿ ಹೆಂಡತಿಯದು ಬೇರೆಯೇ ಪರೀಕ್ಷೆ. "ಮನೆಯೆಲ್ಲಾ ನೋವಿನೆಣ್ಣೆ ವಾಸನೆ. ಪಟ್ಟಿ ಬಂದ್ರೆ ಸರಿ. ಇಲ್ದಿದ್ರೆ ನಾಳೆಯಿಂದ ನನ್ನ ಜೊತೆ ವಾಕಿಂಗು, ಆ ಅಂಗಿ ನೆಲ ಒರೆಸೋಕೆ," ಎಂದರು.

ಆ ಮಾತಿನ ಗಾಬರಿಯಲ್ಲಿ ಅಂದು ಅಂಚೆ ಕಚೇರಿಯಲ್ಲಿ ಒಂದೊಂದು ಲಕೋಟೆಗೂ ಎರಡೆರಡು ಮೊಹರು ಬಿತ್ತು. ಪೋಸ್ಟ್‌ಮಾಸ್ಟರು ಕನ್ನಡಕ ಸರಿಸಿಕೊಂಡು, "ಪಾಪ, ಆ ಕಾಗದ ನಿಮಗೇನ್ ಮಾಡಿತ್ರೀ?" ಎಂದು ಕೇಳಿದರು.

ಸಂಜೆ ಜೂಡೋ ಶಾಲೆಗೆ ಹೋಗಿ ನೋಡಿದರೆ ಅವರ ಕಟ್ಟಡದ ಅರ್ಧ ಜನ ಅಲ್ಲಿ ನೆರೆದಿದ್ದರು. ಚಾಪೆಯ ಅಂಚಿಗೇ ಮೇಷ್ಟ್ರು, ಪಕ್ಕದಲ್ಲಿ ಹೆಂಡತಿ.

"ನೀನ್ಯಾಕೆ ಬಂದೆ?"

"ಮೇಷ್ಟ್ರು ಬಿಡ್ಲಿಲ್ಲ. ಮೂಳೆ ಮುರಿದ್ರೆ ಎತ್ಕೊಂಡ್ ಹೋಗೋಕೆ ಜನ ಬೇಕಲ್ಲ ಅಂದ್ರು."

ಎದುರಾಳಿ ಒಬ್ಬ ಪ್ಲಂಬರ್. ಪೈಪು ತಿರುಚಿ ತಿರುಚಿ ಅವನ ಕೈ ಇಕ್ಕಳದಂತಾಗಿತ್ತು. ಇಪ್ಪತ್ತು ಎಣಿಸುವವರೆಗೆ ಇನ್ನೊಬ್ಬನನ್ನು ಅದುಮಿ ಹಿಡಿದವನಿಗೆ ಪಟ್ಟಿ. ಗುಮಾಸ್ತರು ಬಿದ್ದರು, ಎದ್ದರು, ಮತ್ತೆ ಬಿದ್ದರು. ಮೂರನೆಯ ಸಲ ಅದೇನಾಯಿತೋ, ಉರುಳಿಕೊಂಡು ಹೆಂಡತಿಯ ಕಾಲಬುಡಕ್ಕೆ ಬಂದು ನಿಂತಾಗ ಪ್ಲಂಬರ್ ಕೆಳಗಿದ್ದ, ಇವರು ಮೇಲಿದ್ದರು!

"ಒಂದು... ಎರಡು..." ತರಬೇತುದಾರರು ಎಣಿಸತೊಡಗಿದರು.

"ಬಿಡ್ಬೇಡ್ರೀ! ಮೂಗಿನ ಮೇಲೆ ಕೂತ್ಕೊಳ್ಳಿ!" ಮೇಷ್ಟ್ರು ಕೂಗಿದರು.

"ಹದಿನೇಳು... ಹದಿನೆಂಟು..."

ಬೆನ್ನ ಮೇಲೆ ಟಪ್ ಟಪ್ ಎಂದು ಎರಡು ಏಟು ಬಿತ್ತು.

ಆರು ತಿಂಗಳಲ್ಲಿ ಮೊದಲ ಗೆಲುವು! ಕೈ ತಾನಾಗಿಯೇ ಬಿಟ್ಟಿತು. ಗುಮಾಸ್ತರು ಎರಡೂ ತೋಳೆತ್ತಿ ತಿರುಗಿದರು. ಪ್ಲಂಬರನ ಕೈಗಳು ಇನ್ನೂ ಅವರ ಹೊಟ್ಟೆಯಡಿಯಲ್ಲೇ ಸಿಕ್ಕಿಕೊಂಡಿದ್ದವು. ಬೆನ್ನ ಮೇಲಿದ್ದದ್ದು ಹೆಂಡತಿಯ ಕೈ.

"ಭೇಷ್ ರೀ!" ಎನ್ನುತ್ತಿದ್ದರು ಆಕೆ, ಕಣ್ತುಂಬ ನೀರು ತಂದುಕೊಂಡು. ಮದುವೆಯಾದ ಮೂವತ್ತೆರಡು ವರ್ಷಗಳಲ್ಲಿ ಆಕೆ ಗಂಡನ ಬೆನ್ನು ತಟ್ಟಿದ್ದು ಅದೇ ಮೊದಲು. ಆ ಸಂತೋಷ ಮನಸ್ಸಿಗಿಳಿಯುವ ಮುಂಚೆಯೇ ಪ್ಲಂಬರ್ ಅವರನ್ನು ಮಗುಚಿ ಹಾಕಿದ. ಗುಮಾಸ್ತರು ಎಂದಿನಂತೆ ತಟ್ಟಿದರು.

ಔಷಧಿ ಅಂಗಡಿಯಲ್ಲಿ ನೋವಿನೆಣ್ಣೆ ಕೊಂಡು ಮನೆಗೆ ಹೊರಟಾಗ ಹೆಂಡತಿ ಕೇಳಿದರು: "ಗೆದ್ದೇಬಿಟ್ಟಿದ್ರಲ್ಲ, ಯಾಕ್ ಬಿಟ್ರಿ?"

ನಿಜ ಹೇಳಿದರೆ ಆ ಕೈ ಇನ್ನು ಈ ಜನ್ಮದಲ್ಲಿ ತಮ್ಮ ಬೆನ್ನ ಕಡೆ ಬರುವುದಿಲ್ಲವೆಂದು ಅವರಿಗೆ ಗೊತ್ತಿತ್ತು. "ಬೆವರಿಗೆ ಕೈ ಜಾರ್ತು ಕಣೇ," ಎಂದರು.

ಆಕೆಯ ಮನಸ್ಸು ಕರಗಿತು. "ಹೋಗ್ಲಿ ಬಿಡಿ. ಇನ್ನೊಂದಾರು ತಿಂಗಳು ಕಲೀರಿ. ಆ ಎಣ್ಣೆ ವಾಸನೆ ಹೆಂಗೋ ಸಹಿಸ್ಕೋತೀನಿ," ಎಂದು ಪ್ರೀತಿಯಿಂದ ಬೆನ್ನನ್ನು ಎರಡು ಸಲ ತಟ್ಟಿದರು.

ಗುಮಾಸ್ತರ ಕೈ ತಾನಾಗಿಯೇ ಬಿಟ್ಟಿತು. ಎಣ್ಣೆಯ ಬಾಟಲಿ ಆಕೆಯ ಹೊಸ ಚಪ್ಪಲಿಯ ಮೇಲೆ ಬಿದ್ದು ಒಡೆಯಿತು.

ಹೆಂಡತಿ ಒಮ್ಮೆ ಮೂಗು ಮುಚ್ಚಿಕೊಂಡರು, ಒಮ್ಮೆ ಕಾಲು ನೋಡಿಕೊಂಡರು.

"ಬೆಳಿಗ್ಗೆ ಆರಕ್ಕೆ ರೆಡಿಯಾಗಿರಿ," ಎಂದರು. "ವಾಕಿಂಗು."