ಪ್ರಭಾರ ಬಂಡೆ

ವರ್ಷದಲ್ಲಿ ಮಳೆಗಾಲ, ಚಳಿಗಾಲ, ಬೇಸಿಗೆಕಾಲ ಎಂದು ಮೂರೇ ಕಾಲಗಳಿದ್ದವು. ನಾಲ್ಕನೆಯದನ್ನು ಜಾರಿಗೆ ತಂದವನು ನಾನು. ಅದನ್ನು ಕಣ್ಣಾರೆ ಕಂಡ ಅಧಿಕಾರಿಗಳೆಲ್ಲ ಈಗ ತೀರಿಕೊಂಡಿದ್ದಾರೆ. ಸುಳ್ಳು ಅನ್ನುವವರು ಮೊದಲು ಅವರನ್ನು ಕೇಳಿಕೊಂಡು ಬರಲಿ, ಆಮೇಲೆ ಮಾತಾಡೋಣ. ನನಗೆ ಅಕ್ಷರ ಬಾರದು. ನಾನು ಹೇಳುತ್ತೇನೆ, ಸೊಸೆ ಬರೆದುಕೊಳ್ಳುತ್ತಾಳೆ.

ಪ್ರವಾಸ ಇಲಾಖೆಯಲ್ಲಿ ಆಗ ನಾನು ಜವಾನ. ಜವಾನ ಅನ್ನೋದು ಹೆಸರಿಗೆ. ನಾನು ಚಹಾ ತಂದರೆ ಸಭೆ ಶುರು, ಲೋಟ ಎತ್ತಿದರೆ ಸಭೆ ಮುಗಿಯಿತು. ಇಲಾಖೆಯ ಸುಪರ್ದಿಯಲ್ಲಿದ್ದ ಆಸ್ತಿ ಒಂದೇ, ಮರಳುಗಾಡಿನ ನಟ್ಟನಡುವಿನ ಒಂಟಿಕಾಲು ಬಂಡೆ. ಆನೆಯಷ್ಟು ಮೈ, ಕೊಕ್ಕರೆಯಂಥ ಕಾಲು ಎಂದು ಇಲಾಖೆಯ ಫಲಕದಲ್ಲಿ ಬರೆದಿತ್ತಂತೆ. ಅದರ ಬುಡದಲ್ಲಿ ನನ್ನ ಅಕ್ಕ ಗುಡಾರ ಹಾಕಿಕೊಂಡು, ನೋಡಲು ಬಂದವರಿಗೆ ಚಹಾ ಮಾರುತ್ತಿದ್ದಳು.

ಒಂದು ದಿನ ಮೇಲಿನಿಂದ ಆದೇಶ ಬಂತು: "ಸದರಿ ಬಂಡೆಯ ವೀಕ್ಷಣೆಗೆ ಅತ್ಯುತ್ತಮ ಕಾಲ ಯಾವುದೆಂಬುದನ್ನು ಘೋಷಿಸತಕ್ಕದ್ದು. ಘೋಷಣೆಯಾಗುವವರೆಗೆ ಸದರಿ ಸ್ಥಳದಲ್ಲಿ ಯಾವ ವ್ಯಾಪಾರವನ್ನೂ ನಡೆಸತಕ್ಕದ್ದಲ್ಲ."

ಅಂದೇ ಗುಡಾರ ಕಿತ್ತರು. ಅಕ್ಕ ಅದನ್ನು ಸುತ್ತಿ ಹೆಗಲ ಮೇಲೆ ಹೊತ್ತು, ನೇರ ಕಚೇರಿಯ ಬಾಗಿಲಿಗೆ ಬಂದಳು.

"ಲೋ, ಯಾವುದೋ ಒಂದು ಕಾಲ ಹೇಳಿ ಮುಗಿಸಿ ಅಂತ ನಿನ್ನ ಸಾಹೇಬರಿಗೆ ಹೇಳೋ. ನಿಮ್ಮ ಭಾವ ಹೋದ ಮೇಲೆ ನನ್ನ ಕೈ ಹಿಡಿದಿದ್ದು ಆ ಒಲೆ ಒಂದೇ. ಅದೂ ಆರಿತು ಅಂದ್ರೆ ನಿನ್ನ ಮನೆಗೇ ಬರ್ತೀನಿ, ನೋಡು!"

ನನ್ನ ಹೆಂಡತಿಗೂ ಅಕ್ಕನಿಗೂ ಎಣ್ಣೆ ಸೀಗೆಕಾಯಿ. ಹೀಗಾಗಿ ಅವಳ ಹೊಟ್ಟೆಯ ಪ್ರಶ್ನೆ ನನ್ನ ಪ್ರಾಣದ ಪ್ರಶ್ನೆಯೂ ಆಯಿತು.

ಸಾಹೇಬರು ಸಮಿತಿ ಕರೆದರು. ಎರಡು ನಿಯಮ ಅಡ್ಡ ಬಂದವು. ಖುದ್ದು ಅನುಭವಿಸದೆ ಯಾವ ಕಾಲವನ್ನೂ ಅತ್ಯುತ್ತಮವೆಂದು ಘೋಷಿಸತಕ್ಕದ್ದಲ್ಲ. ಅತ್ಯುತ್ತಮವೆಂದು ಘೋಷಿತವಾದ ಕಾಲದಲ್ಲಲ್ಲದೆ ಯಾವ ನೌಕರನೂ ಮರಳುಗಾಡಿಗೆ ಹೋಗತಕ್ಕದ್ದಲ್ಲ. ಎರಡೂ ಒಳ್ಳೆಯ ನಿಯಮಗಳೇ. ಸಮಿತಿ ಎರಡನ್ನೂ ಪಾಲಿಸುತ್ತಾ ಬಿಸ್ಕತ್ತು ತಿನ್ನುತ್ತಾ ಕುಳಿತಿತು.

"ಈಗೇನಯ್ಯಾ ಮಾಡೋದು?" ಎಂದು ಸಾಹೇಬರು ನನ್ನನ್ನೇ ಕೇಳಿದರು. ಕೇಳಿದ್ದು ಬಿಸ್ಕತ್ತು ಮುಗಿದದ್ದಕ್ಕೆ ಎಂದು ಆಮೇಲೆ ಕೆಲವರು ಹಬ್ಬಿಸಿದರು. ಹೊಟ್ಟೆಕಿಚ್ಚು.

"ನಾವು ಅಲ್ಲಿಗೆ ಹೋಗೋ ಹಾಗಿಲ್ಲ ಅಂದ್ರೆ ಅದನ್ನೇ ಇಲ್ಲಿಗೆ ಕರೆಸಿ ಸಾರ್," ಅಂದೆ. "ನೌಕರರು ಹೋಗಬಾರದು ಅಂತಿದೆ. ಮರಳುಗಾಡು ಬರಬಾರದು ಅಂತ ಎಲ್ಲಿದೆ?"

ನಿಯಮಗಳನ್ನೆಲ್ಲ ಜಾಲಾಡಿದರು. ಎಲ್ಲೂ ಇರಲಿಲ್ಲ.

ಸಾಹೇಬರ ಬಾಮೈದನ ಲಾರಿಯಲ್ಲಿ ಸಭಾಕೋಣೆಗೆ ಮರಳು ಬಂತು. ಅವನದೇ ಅಂಗಡಿಯಿಂದ ಬೇಸಿಗೆಗೆ ಹೀಟರು, ಚಳಿಗೆ ಎ.ಸಿ., ಮಳೆಗೆ ತೂತು ಬಿದ್ದ ಪೈಪು ಬಂದವು. ಮಳೆಯೇ ಬೀಳದ ಕಡೆಗೆ ಪೈಪು ಯಾಕೆ ಎಂದು ಯಾರೂ ಕೇಳಲಿಲ್ಲ, ಬಿಲ್ಲು ಆಗಲೇ ಪಾಸಾಗಿತ್ತು. ಬಂಡೆ ಮಾತ್ರ ಬಾಮೈದನ ಅಂಗಡಿಯಲ್ಲಿ ಸಿಗಲಿಲ್ಲ. ಆಗ ಎಲ್ಲರ ಕಣ್ಣೂ ಲೆಕ್ಕಾಧಿಕಾರಿಗಳ ಮೇಲೆ ಬಿತ್ತು. ಇಲಾಖೆಯಲ್ಲಿ ಅಷ್ಟು ಮೈ ಇದ್ದವರು ಅವರೊಬ್ಬರೇ.

"ಒಂದೇ ಕಾಲಲ್ಲಿ ನಿಲ್ಬೇಕಾ?" ಎಂದರು ಅವರು.

"ಹುದ್ದೆಯೇ ಹಾಗಿದೆಯಲ್ರೀ," ಎಂದರು ಸಾಹೇಬರು. "ಭತ್ಯೆ ಉಂಟು."

ಲೆಕ್ಕಾಧಿಕಾರಿ ಮೀಸೆ ತಿರುವಿ ಕಾಲೆತ್ತಿದರು. ಕೂಡಲೇ ಆದೇಶ ಹೊರಟಿತು: "ಖಾಯಂ ಬಂಡೆ ಲಭ್ಯವಿಲ್ಲದ ಪ್ರಯುಕ್ತ, ಲೆಕ್ಕಾಧಿಕಾರಿಗಳು ತಮ್ಮ ಕೆಲಸದ ಜೊತೆಗೆ ಪ್ರಭಾರ ಬಂಡೆಯಾಗಿಯೂ ಕರ್ತವ್ಯ ನಿರ್ವಹಿಸತಕ್ಕದ್ದು."

ಸಮಿತಿ ಹೀಟರಿನ ಮುಂದೆ ಬೆವರಿತು, ಎ.ಸಿ. ಕೆಳಗೆ ಗಡಗಡ ನಡುಗಿತು, ಪೈಪಿನಡಿ ತೊಯ್ದು ತೊಪ್ಪೆಯಾಯಿತು. ಬಂಡೆ ಜೋರಾಗಿ ಸೀನಿತು. ಮೂರು ಕಾಲವೂ ನಾಲಾಯಕ್ಕು ಎಂದು ತೀರ್ಮಾನವಾಯಿತು. ನಾನು ಎಲ್ಲವನ್ನೂ ಆರಿಸಿ, ಕಿಟಕಿ ತೆಗೆದು, ಫ್ಯಾನು ಹಾಕಿದೆ.

"ಆಹಾ," ಎಂದರು ಸಾಹೇಬರು. "ಇದು ಯಾವ ಕಾಲವಯ್ಯಾ?"

"ಕಚೇರಿಕಾಲ ಸಾರ್."

ಮರುದಿನ ಘೋಷಣೆ: "ಒಂಟಿಕಾಲು ಬಂಡೆಯ ವೀಕ್ಷಣೆಗೆ ಅತ್ಯುತ್ತಮ ಕಾಲವು ಕಚೇರಿಕಾಲವಾಗಿದ್ದು, ಊಟದ ಬಿಡುವಿನಲ್ಲಿ ಬಂಡೆಯು ಕುಳಿತಿರುತ್ತದೆ. ಬಂಡೆಯನ್ನು ಬೇರೆ ಕಾಲದಲ್ಲಾಗಲಿ ಬೇರೆ ಸ್ಥಳದಲ್ಲಾಗಲಿ ನೋಡಿದವರು ದಂಡನೆಗೆ ಅರ್ಹರು."

ಅಕ್ಕನ ಗುಡಾರಕ್ಕೂ ಅನುಮತಿ ಸಿಕ್ಕಿತು. ಬಂಡೆಯ ಪಕ್ಕದಲ್ಲೇ, ಅಂದರೆ ನಮ್ಮ ಕಾರಿಡಾರಿನಲ್ಲಿ.

"ಸೂರಿನ ಕೆಳಗೆ ಗುಡಾರವೇನೋ! ತಲೆ ನೆಟ್ಟಗಿದೆಯೇನೋ ನಿಮಗೆ?" ಎಂದು ಅಕ್ಕ ನನ್ನ ಕಿವಿ ಹಿಂಡಿದಳು. ಹಿಂಡುತ್ತಲೇ ಹೊರಗೆ ನೋಡಿದಳು. ಬಾಗಿಲಿನಿಂದ ಬೀದಿಯ ತಿರುವಿನ ತನಕ ಬಂಡೆ ನೋಡಲು ಟಿಕೆಟ್ಟು ಹಿಡಿದು ನಿಂತ ಜನರ ಸಾಲು. ಕಿವಿ ಬಿಟ್ಟಳು.

"ಗೂಟ ಎಲ್ಲಿ ಹೊಡೀಲಿ?" ಎಂದಳು.

ಸಂಜೆಯೊಳಗೆ ಚಹಾಕ್ಕೆ ಮರಳುಗಾಡಿನ ದರ ಹಾಕಿದ್ದಳು. "ಹೀಟರನ್ನ ಸಾಲಿನ ಕಡೆ ತಿರುಗಿಸಿ, ಜನಕ್ಕೆ ಬಾಯಾರ್ತಿಲ್ಲ" ಎಂದು ಸಾಹೇಬರಿಗೆ ಹೇಳಿಕಳಿಸಿದಳು. ತಿರುಗಿಸಿದರು. ಅವಳ ಒಲೆ ಉಳಿಯಿತು, ನನ್ನ ಸಂಸಾರವೂ ಉಳಿಯಿತು.

ಮರಳುಗಾಡು ಸುತ್ತಿ ಬಂದಿದ್ದ ಒಬ್ಬ ಮಾತ್ರ "ಇದು ಆ ಬಂಡೆ ಅಲ್ಲ" ಎಂದು ಜಗಳ ತೆಗೆದ. ಸಾಲಿನವರೇ ಅವನನ್ನು ಗದರಿದರು: "ಟಿಕೆಟ್ಟು ತಗೊಂಡು ನಿಂತಿರೋರು ನಾವು. ನಮಗಿಂತ ನಿನಗೆ ಗೊತ್ತಾ?" ಅವನು ದಂಡ ಕಟ್ಟಿ, ಟಿಕೆಟ್ಟು ಕೊಂಡು, ಸಾಲಿನ ಕೊನೆಗೆ ಹೋಗಿ ನಿಂತ. ಲೆಕ್ಕಾಧಿಕಾರಿ ಬಂಡೆಯಾಗಿಯೇ ನಿವೃತ್ತರಾದರು. ಆ ಹುದ್ದೆಗೆ ಈಗಲೂ ಭಾರೀ ಪೈಪೋಟಿಯಂತೆ, ಶಿಫಾರಸು ಇಲ್ಲದೆ ಸಿಗುವುದಿಲ್ಲವಂತೆ.

ಇಲ್ಲಿಗೆ ಸೊಸೆ ಪೆನ್ನು ನಿಲ್ಲಿಸಿದಳು. "ಮಾವ, ಅಲ್ಲಿರೋ ನಿಜವಾದ ಬಂಡೆ ಹೇಗಿದೆ ಅಂತ ಒಂದು ಸಾಲು ಹೇಳಿ. ಓದೋರಿಗೆ ಬೇಕಲ್ಲ."

"ಬರ್ಕೋ. ಅಬ್ಬಾ, ಏನು ಗಾಂಭೀರ್ಯ! ಏನು ನಿಲುವು! ಹುರಿ ಮೀಸೆ ಬೇರೆ."

"ಬಂಡೆಗೆ ಮೀಸೆನಾ? ಮಾವ, ನೀವು ಅಲ್ಲಿಗೆ ಹೋಗೇ ಇಲ್ಲ, ಅಲ್ವಾ?"

ನಾನು ಹೆಗಲು ಕುಣಿಸಿದೆ.

"ನಾನು ನೋಡಿದ ಬಂಡೆಗೆ ಇತ್ತಮ್ಮ."