ಐದು ಗೇರು, ನಾಲ್ಕು ಕಾಲು

ಹೋದ ವರ್ಷ ಮಾವನ ಮನೆಯಲ್ಲಿ ಹಂದಿ ಬಲಿ ಕೊಡುವ ಕನ್ಯಾವ್ ಹಬ್ಬಕ್ಕೆ ಬಾಸ್ಯೊ ತನ್ನ ಹಳೆ ಮಿಲಿಟರಿ ಜೀಪಿನಲ್ಲಿ ಹಂದಿ ಒಯ್ಯುತ್ತಿದ್ದಾಗ, ಕಡೇ ಏರಿನ ಅರ್ಧಕ್ಕೇ ಜೀಪು ನಿಂತುಬಿಟ್ಟಿತು. ಹಂದಿ ಸ್ವಲ್ಪ ಹೊತ್ತು ಕಾಯಿತು. ಆಮೇಲೆ ಬೇಸರ ಬಂದು ಕೆಳಗಿಳಿದು, ತಾನೇ ನಡೆದುಕೊಂಡು ಮಾವನ ಅಂಗಳ ಸೇರಿತು. ಬಾಸ್ಯೊ ಏದುಸಿರು ಬಿಡುತ್ತಾ ಅದರ ಹಿಂದೆ ಹೋದ.

ಮಾವ ಲಾಕಾಯ್ ಸಗಾಯೊ ನೆಂಟರೆಲ್ಲರ ಎದುರು ಕೇಳಿದರು: "ಯಾರು ಯಾರನ್ನ ಕರ್ಕೊಂಡು ಬಂದ್ರಪ್ಪಾ?"

ಅಷ್ಟಕ್ಕೇ ಬಿಡಲಿಲ್ಲ. "ತಾನಾಗಿ ನಡ್ಕೊಂಡು ಬಂದ ಅತಿಥೀನ ಕೊಯ್ಯೋದು ಹೆಂಗೆ?" ಎಂದು ಬೇರೆ ಹಂದಿ ಕೊಯ್ಯಿಸಿ, ಇದನ್ನು ಗೂಡಿನಲ್ಲಿ ಸಾಕಿಕೊಂಡರು. ಅವತ್ತು ಏರಿನಲ್ಲಿ ಬಾಸ್ಯೊನ ಜೀಪಿನ ಮುಂದಿನ ಚಕ್ರಗಳಿಗೆ ಎಂಜಿನ್ನಿನ ಬಲ ಒಯ್ಯುವ ದಂಡ ಮುರಿದು ಬಿದ್ದಿತ್ತು; ಅದನ್ನೇ ಆ ಗೂಡಿಗೆ ಅಗುಳಿ ಮಾಡಿದರು. ಅಂದಿನಿಂದ ಜೀಪು ಹಿಂದಿನ ಚಕ್ರಗಳ ಬಲದಲ್ಲೇ ಓಡುತ್ತಿತ್ತು. ಬಂದವರಿಗೆಲ್ಲ ಎರಡನ್ನೂ ತೋರಿಸುತ್ತಿದ್ದರು.

ಬೆಂಗೆಟ್ಟಿನ ಬೆಟ್ಟದಲ್ಲಿ ಎಲೆಕೋಸಿಗಿಂತ ಬೇಗ ಪೇಟೆ ಸೇರುವುದು ಮಾತು. ವರ್ಷವಿಡೀ ಬಾಸ್ಯೊ ಕಾಫಿ ಅಂಗಡಿಗೆ ಕಾಲಿಟ್ಟರೆ ಯಾರೋ ಒಬ್ಬರು ಹಂದಿಯ ಹಾಗೆ ಗುರುಗುಟ್ಟುವರು. ಈ ಸಲ ಆ ಏರನ್ನು ನಿಲ್ಲದೆ ಹತ್ತಿ ಮಾವನ ಬಾಯಿ ಮುಚ್ಚಿಸದಿದ್ದರೆ ತಾನು ಗಂಡಸೇ ಅಲ್ಲ ಎಂದುಕೊಂಡು, ಹಬ್ಬದ ದಿನ ಬೆಳಕು ಹರಿಯುವ ಮುಂಚೆಯೇ ಮೆಕ್ಯಾನಿಕ್ ತಾದ್ಯೊನ ಬಾಗಿಲು ಬಡಿದ. ತಾದ್ಯೊನ ಅಂಗಳದಲ್ಲಿ ಜಪಾನಿನಿಂದ ಬಂದ ಹಳೇ ಗೇರ್‌ಬಾಕ್ಸುಗಳು ಗೆಣಸಿನ ಹಾಗೆ ರಾಶಿ ಬಿದ್ದಿದ್ದವು.

"ಮನೊಂಗ್, ಅಣ್ಣಾ, ನಿಂಗೆ ಬೇಕಾಗಿರೋದು ಈ ನಾಲ್ಕು ಗೇರಿಂದು," ಎಂದ ತಾದ್ಯೊ. "ಇದರ ಫಸ್ಟ್ ಗೇರು ಮುದಿ ಎಮ್ಮೆ ಇದ್ದಂಗೆ. ಓಡಲ್ಲ, ಆದ್ರೆ ಎಳೆಯೋದು ಬಿಡಲ್ಲ. ಐದು ಗೇರಿಂದು ಸಪಾಟು ರಸ್ತೆಗೆ."

ಅಷ್ಟರಲ್ಲಿ ಊರ ಪಂಚಾಯ್ತಿ ಸದಸ್ಯ ಹಿಲಾರ್ಯೊ, ರಿಟೈರಾದ ಮೇಷ್ಟ್ರು ವೆನಾನ್ಸ್ಯೊ ಇಬ್ಬರೂ ಕಾಫಿ ಲೋಟ ಹಿಡಿದು ಹಾಜರಾದರು. ಇಬ್ಬರಿಗೂ ಜೀಪು ಓಡಿಸಲು ಬರುವುದಿಲ್ಲ. ಅದಕ್ಕೇ ಅವರಿಗೆ ಅನುಮಾನ ಎಂಬುದೇ ಇರಲಿಲ್ಲ.

"ನಾಲ್ಕಾ?" ಎಂದ ಸದಸ್ಯ. "ನಿನ್ ಷಡ್ಡಕನ ಜೀಪಿಗೂ ನಾಲ್ಕೇ ಅಲ್ವೇನೋ? ಅವನ ಸಮಕ್ಕೆ ನಿಲ್ಲೋಕೆ ಇಷ್ಟೆಲ್ಲಾ ಒದ್ದಾಟಾನಾ?"

"ನಾಲ್ಕಕ್ಕಿಂತ ಐದು ಹೆಚ್ಚು. ಇದು ಒಂದನೇ ಕ್ಲಾಸಿನ ಲೆಕ್ಕ," ಎಂದರು ಮೇಷ್ಟ್ರು.

ಬಾಸ್ಯೊನ ತಲೆಯಲ್ಲಿ ಏರು ಹೋಗಿ ಷಡ್ಡಕ ಬಂದು ಕೂತ. "ಐದರದ್ದೇ ಹಾಕು," ಎಂದ.

ತಾದ್ಯೊ ಹಣೆ ಚಚ್ಚಿಕೊಂಡು ಜೀಪಿನಡಿ ನುಗ್ಗಿದ. ಸುಮ್ಮನೆ ಕೂರಲಾಗದ ಸದಸ್ಯ, "ಹೊಸ ಮದುಮಗಳಿಗೆ ಹಳೇ ಚಾಪೆ ಯಾಕೆ?" ಎಂದು ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್ಲನ್ನೂ ಬಿಚ್ಚಿಸಿದ. ಅವನೂ ಮೇಷ್ಟ್ರೂ ಸೇರಿ ಅದನ್ನು ಮಗುವಿಗೆ ಎರೆದ ಹಾಗೆ ತೊಳೆದು, ತಾವೇ ಮತ್ತೆ ಕೂರಿಸಿದರು. ಅದರ ಬೋಲ್ಟಿನ ತೂತುಗಳು ಹೇಗಿಟ್ಟರೂ ಹೊಂದುತ್ತವೆ. ಅದೇ ಎಡವಟ್ಟಾಯಿತು.

ಮಧ್ಯಾಹ್ನ ಈ ವರ್ಷದ ಹಂದಿಯನ್ನು ಜೀಪಿನ ಹಿಂಬದಿಯಲ್ಲಿ ಕಟ್ಟಿ, ಹೆಂಡತಿ ದಮಿಯಾನಾಳನ್ನು ಪಕ್ಕಕ್ಕೆ ಕೂರಿಸಿಕೊಂಡು ಬಾಸ್ಯೊ ಫಸ್ಟ್ ಗೇರು ಹಾಕಿದ. ಜೀಪು ಹಿಂದಕ್ಕೆ ಹೋಯಿತು. ಸೆಕೆಂಡ್ ಹಾಕಿದ. ಇನ್ನೂ ಜೋರಾಗಿ ಹಿಂದಕ್ಕೆ ಹೋಗಿ ಗ್ಯಾರೇಜಿನ ತಗಡಿಗೆ ಗುದ್ದಿತು. ಗಾಬರಿಯಲ್ಲಿ ರಿವರ್ಸ್ ಹಾಕಿದರೆ ಮುಂದಕ್ಕೆ ಹೊರಟಿತು!

ತಾದ್ಯೊ ಕೆಳಗೆ ಬಗ್ಗಿ ನೋಡಿ ಕಿರುಚಿದ: "ಯಾವನೋ ಡಿಫರೆನ್ಷಿಯಲ್ಲನ್ನ ತಲೆಕೆಳಗೆ ಕೂರ್ಸಿದಾನೆ! ಈಗ ಐದೂ ಗೇರು ಹಿಂದಕ್ಕೇ!"

"ನಾನು ಬರೀ ಹಿಡ್ಕೊಂಡಿದ್ದೆ," ಎಂದ ಸದಸ್ಯ.

"ನಾನು ಬರೀ ನೋಡ್ತಿದ್ದೆ," ಎಂದರು ಮೇಷ್ಟ್ರು.

"ನಿಮ್ಮ ಜಗಳ ಸಾಯ್ಲಿ," ದಮಿಯಾನಾ ಸಿಡಿದಳು. "ಬಿಸಿಲು ಇಳಿಯೋದ್ರೊಳಗೆ ಹಂದಿ ಅಲ್ಲಿರ್ಬೇಕು. ಮುಂದಕ್ಕೆ ಒಂದಾದ್ರೂ ಹೋಗುತ್ತಲ್ಲ, ನಡಿ!"

ರಿವರ್ಸ್ ಗೇರಿನಲ್ಲಿ ಜೀಪು ಮುಂದಕ್ಕೆ ತೆವಳಿತು. ಕೋಳಿಗಳು ಅದನ್ನು ಹಿಂದೆ ಹಾಕಿದವು, ಸೊಪ್ಪು ಹೊತ್ತ ಮುದುಕಿ ಹಿಂದೆ ಹಾಕಿದಳು. ಬಾಸ್ಯೊ ದಾರಿಯುದ್ದಕ್ಕೂ ಸದಸ್ಯನ ವಂಶವನ್ನು ಬೈದ. ಆದರೆ ಏರು ಬಂತು ನೋಡಿ! ಗೇರುಗಳಲ್ಲೆಲ್ಲ ನಿಧಾನದ್ದು, ಬಲದ್ದು ರಿವರ್ಸೇ ಅಲ್ಲವೇ? ಜೀಪು ಕೊಸರದೆ, ನಿಲ್ಲದೆ, ಮುದಿ ಎಮ್ಮೆಯಂತೆ ಏರನ್ನು ಹತ್ತಿಯೇ ಬಿಟ್ಟಿತು. ಅಂಗಳದಲ್ಲಿ ಜಾಗಟೆ ಬಾರಿಸುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ಹಂದಿ ಗೂಡಿಗೆ ಬೆನ್ನು ಹಾಕಿ ಜೀಪು ನಿಂತಿತು.

"ಎಷ್ಟು ಗೇರು?" ಕೇಳಿದರು ಲಾಕಾಯ್ ಸಗಾಯೊ.

"ಐದು, ಮಾವ." ಅದು ಸುಳ್ಳಂತೂ ಅಲ್ಲ.

ಮಂತ್ರವಾಯಿತು, ಮಾಂಸ ಬೆಂದಿತು, ಕುಣಿತವಾಯಿತು. ವರ್ಷದಲ್ಲಿ ಮೊದಲ ಸಲ ಬಾಸ್ಯೊನಿಗೆ ಅನ್ನ ರುಚಿಸಿತು. ಹಿಂದೆಯೇ ಬಾಡಿಗೆಯ ಮೋಟಾರ್ ಟ್ರೈಸಿಕಲ್ಲಿನಲ್ಲಿ ಬಂದಿದ್ದ ತಾದ್ಯೊ, ಸದಸ್ಯ, ಮೇಷ್ಟ್ರು ಊಟದ ಸಾಲಿನಲ್ಲಿ ಕಾಣಲಿಲ್ಲ. ಮುಖ ತೋರಿಸಲು ನಾಚಿಕೆ ಇರಬೇಕು ಎಂದುಕೊಂಡು ಅವರ ಪಾಲಿನ ಮಾಂಸವನ್ನೂ ತಾನೇ ತಿಂದ. ಈ ಜೀಪನ್ನು ಇನ್ನು ಸರಿ ಮಾಡಿಸುವುದೇ ಬೇಡ ಎಂದೂ ತೀರ್ಮಾನಿಸಿದ.

ಸಂಜೆ ಮಾವ ಅಕ್ಕಿ ಮದ್ಯದ ಬಟ್ಟಲು ಹಿಡಿದೇ ಜೀಪಿನ ಹಿಂಬದಿ ಹತ್ತಿ ಕೂತರು. ಅಳಿಯನ ಜೀಪಿನಲ್ಲಿ ಅವರು ಕೂತಿದ್ದು ಅದೇ ಮೊದಲು. "ಮನೆ ಮೆಟ್ಟಿಲ ತನಕ ಮುಂದಕ್ಕೆ ಬಿಡು, ನೋಡೋಣ. ಎಲ್ರೂ ನೋಡ್ಲಿ."

ಬಾಸ್ಯೊ ಷಡ್ಡಕನ ಕಡೆ ಒಮ್ಮೆ ನಕ್ಕು, ಮುಂದಕ್ಕೆ ಹೋಗಲೆಂದು ಠೀವಿಯಿಂದ ರಿವರ್ಸ್ ಹಾಕಿ ಕ್ಲಚ್ ಬಿಟ್ಟ.

ಜೀಪು ಹಿಂದಕ್ಕೆ ನೆಗೆಯಿತು. ಗೂಡಿನ ಹಲಗೆ ಮುರಿಯಿತು, ಅಗುಳಿ ಹಾರಿತು. ಮಾವ ಮದ್ಯದಲ್ಲಿ ಮಿಂದು, ಜೀಪಿನ ಹಿಂಬದಿಯಿಂದ ಹಂದಿಯ ಬಾನಿಯ ಮೇಲೆ ತೂಗಾಡುತ್ತಿದ್ದರು.

ಮೈಯೆಲ್ಲ ಗ್ರೀಸು ಬಳಿದುಕೊಂಡ ತಾದ್ಯೊ ಓಡಿ ಬಂದ. "ಮನೊಂಗ್! ಹೇಳೋಕೆ ಮರ್ತೇಹೋಯ್ತು. ನೀನು ಊಟಕ್ಕೆ ಕೂತಾಗ ಡಿಫರೆನ್ಷಿಯಲ್ಲನ್ನ ತಿರುಗಿಸಿ ಸರಿ ಮಾಡಿಬಿಟ್ವಿ!"

"ನಾನೇ ಮುಂದೆ ನಿಂತು ಮಾಡಿಸ್ದೆ," ಎಂದ ಸದಸ್ಯ.

ಹೋದ ವರ್ಷದ ಹಂದಿ ಮುರಿದ ಗೂಡಿನಿಂದ ಹೊರಬಂದು, ಎಲ್ಲರನ್ನೂ ಒಮ್ಮೆ ನೋಡಿ, ಇಳಿಜಾರಿನಲ್ಲಿ ಓಡತೊಡಗಿತು.

"ಅದು ನಮ್ಮನೆ ದಾರೀನೇ ಹಿಡೀತು," ಎಂದಳು ದಮಿಯಾನಾ.

ಮಾವ ಗಡ್ಡದ ಮದ್ಯ ಹಿಂಡಿಕೊಂಡರು. "ನಾಳೆ ವಾಪಸ್ ತಂದುಬಿಡು."

"ತರ್ತೀನಿ ಮಾವ, ಜೀಪಲ್ಲಿ..." ಎಂದ ಬಾಸ್ಯೊನಿಗೆ ಆಗ ಹೊಳೆಯಿತು. ಈಗ ಜೀಪು ಸರಿಯಾಗಿದೆ. ಮುಂದಕ್ಕೆ ಹೋಗಲು ಐದು ಗೇರುಗಳಿವೆ. ಐದೂ ಸಪಾಟು ರಸ್ತೆಗೆ.

"ಜೀಪಲ್ಲಾ? ಬೇಡಪ್ಪಾ," ಎಂದರು ಮಾವ. "ನಿಂದು ಐದು ಗೇರು, ಅದರದು ನಾಲ್ಕೇ ಕಾಲು. ಆದ್ರೂ ಅದಕ್ಕೆ ಏರು ಹತ್ತೋಕೆ ಗೊತ್ತು. ಹೋದ್ಸಲದ ಹಾಗೆ ಅದರ ಹಿಂದೇನೇ ನಡ್ಕೊಂಡು ಬಾ."